ಚಿಕ್ಕ ಮಷೀನಿನಲ್ಲಿ ಕಲಿತ ಕೈ

ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ನಾನು ಆಳಂದದಲ್ಲಿ ಬೆರಳಚ್ಚು ಶಾಲೆ ನಡೆಸುತ್ತಿದ್ದೆ. ಬಿರುಸಿನ ಮಾಸ್ತರ ಎಂದು ಹೆಸರಿತ್ತು, ಅದರ ಬಗ್ಗೆ ಹೆಮ್ಮೆಯೂ ಇತ್ತು. ಕೀ ನೋಡಿ ಹೊಡೆಯುವವರ ಬೆರಳಿಗೆ ಅಡಿಪಟ್ಟಿಯಿಂದ ಬಾರಿಸುತ್ತಿದ್ದೆ.

ಶಾಲೆಯಲ್ಲಿ ಎರಡು ದೊಡ್ಡ ಯಂತ್ರಗಳಿದ್ದವು. ಜೊತೆಗೆ ಸೊಲ್ಲಾಪುರದಿಂದ ತಂದ, ಕೈಯಲ್ಲಿ ಎತ್ತಿಕೊಂಡು ಹೋಗಬಹುದಾದ ಒಂದು ಹಳೆಯ ಚಿಕ್ಕ ಯಂತ್ರ. ಚಿಕ್ಕದರಲ್ಲಿ ಕೀಗಳು ಕಡಿಮೆ. ಹಾಗಾಗಿ ಕೆಲವು ಒತ್ತಕ್ಷರಗಳನ್ನು ಶಿಫ್ಟ್ ಒತ್ತಿ ಹೊಡೆಯಬೇಕಿತ್ತು, ನಾಲ್ಕು ಅಕ್ಷರಗಳ ಜಾಗವೇ ಬೇರೆ. ಇಂಥ ಕೀಲಿಮಣೆಯಲ್ಲಿ ಕಲಿಸಲು ಶಾಲೆಗಳಿಗೆ ಅನುಮತಿ ಇರಲಿಲ್ಲ. ಅದು ನನಗೆ ಗೊತ್ತಿತ್ತು.

ಮಾದನಹಿಪ್ಪರಗಾದ ಶರಣಮ್ಮ ಬಂದಾಗ ದೊಡ್ಡ ಯಂತ್ರಗಳು ಖಾಲಿ ಇರಲಿಲ್ಲ. ಗುಮಾಸ್ತನಾಗಿದ್ದ ಗಂಡ ತೀರಿಕೊಂಡ ಮೇಲೆ ಆ ಕೆಲಸ ಆಕೆಗೆ ಸಿಕ್ಕಿತ್ತು. ಗಡುವಿನೊಳಗೆ ಬೆರಳಚ್ಚು ಪರೀಕ್ಷೆ ಪಾಸಾಗದಿದ್ದರೆ ಜವಾನಳಾಗಿ ಇಳಿಯಬೇಕು. ಗಡುವಿಗೆ ಮುಂಚೆ ಉಳಿದಿದ್ದದ್ದು ಒಂದೇ ಪರೀಕ್ಷೆ. ಆಕೆಯನ್ನು ಚಿಕ್ಕ ಯಂತ್ರದ ಮುಂದೆ ಕೂರಿಸಿದೆ. ಆರು ತಿಂಗಳಲ್ಲಿ ಕೈ ಎಷ್ಟು ಪಳಗಿತೆಂದರೆ, ಕಿಟಕಿ ಕಡೆ ಮುಖ ಮಾಡಿ ಹೊಡೆದರೂ ಒಂದು ತಪ್ಪು ಬೀಳುತ್ತಿರಲಿಲ್ಲ.

ಆಗ ಪರೀಕ್ಷೆಗೆ ಯಂತ್ರವನ್ನು ನಾವೇ ಹೊತ್ತೊಯ್ಯಬೇಕಿತ್ತು, ಅದರ ಕೀಲಿಮಣೆಯನ್ನು ಯಾರೂ ನೋಡುತ್ತಿರಲಿಲ್ಲ. ಗುಲ್ಬರ್ಗಕ್ಕೆ ಹೋಗುವಾಗ ಬಸ್ಸಿನ ಕುಲುಕಾಟಕ್ಕೆ ಚಿಕ್ಕ ಯಂತ್ರದಲ್ಲಿ ಹಾಳೆಯ ಕ್ಯಾರೇಜ್ ಎಳೆಯುವ ಪಟ್ಟಿ ಹರಿದು ಅದು ಕೆಲಸಕ್ಕೆ ಬಾರದಾಯಿತು. ಉಳಿದ ವಿದ್ಯಾರ್ಥಿಗಳಿಗೆಂದು ತಂದು ಮೊದಲ ಬ್ಯಾಚಿಗೆ ಕೊಟ್ಟಿದ್ದ ದೊಡ್ಡ ಯಂತ್ರವನ್ನೇ ಆಕೆಯ ಮುಂದಿಟ್ಟೆ.

“ಸರ, ಕೀ ಎಲ್ಲಾ ಅದೇ ಜಾಗದಾಗ ಅದಾವೇನ್ರಿ?”

ನಿಜ ಹೇಳಿದರೆ ಹೆದರಿ ವೇಗ ತಪ್ಪೀತು ಅನ್ನಿಸಿತು. “ಎಲ್ಲಾ ಅಲ್ಲೇ ಅದಾವ. ಕೆಳಗ ನೋಡಬ್ಯಾಡ, ಹೊಡಿ” ಅಂದೆ.

ಆಕೆ ಹತ್ತು ನಿಮಿಷ ತಲೆ ತಗ್ಗಿಸದೆ ಹೊಡೆದಳು. ಹಾಳೆ ತೆಗೆದಾಗ ಪ್ರತಿ ಸಾಲಿನಲ್ಲೂ ಅದೇ ನಾಲ್ಕು ಅಕ್ಷರಗಳು ತಪ್ಪಿದ್ದವು.

ಮೇಲ್ವಿಚಾರಕರು ಅನುಭವಸ್ಥರು, ನೋಡಿದ ಕೂಡಲೇ ಹಿಡಿದರು. ನನ್ನನ್ನು ಕರೆಸಿ, “ಮಾಸ್ತರ್, ಇದು ಬ್ಯಾರೆ ಮಷೀನಿನ ಕೈ ಅದ. ಹೌದಂತ ಒಂದು ಸಾಲು ಬರದು ಕೊಡ್ರಿ, ಅಂಥದೇ ಮಷೀನ್ ಕೊಟ್ಟು ಮುಂದಿನ ಬ್ಯಾಚಿನಾಗ ಕೂಡಸ್ತೇನಿ” ಅಂದರು.

ಬರೆದುಕೊಟ್ಟರೆ ಶಾಲೆಯ ಮಾನ್ಯತೆ ಹೋಗುತ್ತಿತ್ತು. “ಇಲ್ರಿ. ನಮ್ಮಲ್ಲಿ ಎಲ್ಲಾ ಒಂದೇ ನಮೂನಿ ಮಷೀನ್ ಅದಾವ್ರಿ. ಆಕಿನೇ ಸರಿ ಕಲ್ತಿಲ್ಲ” ಅಂದೆ.

ಶರಣಮ್ಮ ಪಕ್ಕದಲ್ಲೇ ನಿಂತಿದ್ದಳು. “ಸರ, ಸಣ್ಣ ಮಷೀನಿನ ಮ್ಯಾಗ ಕಲಿಸಿದವರು ನೀವೇ ಅಲ್ರಿ?”

“ಸುಮ್ನ ನಿಂದ್ರಬೇ” ಅಂದೆ. ನಾನು ಬರೆದುಕೊಡದೆ ಮೇಲ್ವಿಚಾರಕರಿಗೆ ಬೇರೆ ದಾರಿ ಇರಲಿಲ್ಲ, ಹಾಳೆಯ ಮೇಲೆ ನಪಾಸಿನ ಕೆಂಪು ಗೆರೆ ಎಳೆದರು.

ಕೆಲವು ವರ್ಷಗಳ ನಂತರ ಜೇವರ್ಗಿಯ ಒಂದು ಕಚೇರಿಗೆ ಮಾರಾಟಕ್ಕಿದ್ದ ಹಳೆಯ ಯಂತ್ರ ನೋಡಲು ಹೋಗಿದ್ದೆ. ಜವಾನರ ಖಾಕಿ ಸೀರೆಯಲ್ಲಿ ಶರಣಮ್ಮ ನೀರು ತಂದಿಟ್ಟಳು.

“ಶಾಲಿ ಹೆಂಗ ನಡದದರಿ, ಸರ?”

“ಚಲೋ ನಡದದ” ಅಂದೆ.

ಮಾಸ್ತರನ ತಪ್ಪಿನ ಶಿಕ್ಷೆ ಅವನಿಗೆ ಆಗುವುದಿಲ್ಲ, ಅವನನ್ನು ನಂಬಿ ಕೂತವರಿಗೆ ಆಗುತ್ತದೆ ಎಂಬುದನ್ನು ಈ ವೃತ್ತಿ ನನಗೆ ಆ ದಿನ ಕಲಿಸಿತು. ಕಲಿತೂ ನಾನು ಆಕೆಯ ಮುಂದೆ ತಪ್ಪೊಪ್ಪಿಕೊಳ್ಳಲಿಲ್ಲ. ಆಕೆ ಕೊಟ್ಟ ನೀರು ಕುಡಿದು, ಲೋಟ ಆಕೆಯ ಕೈಗೇ ಕೊಟ್ಟು ಎದ್ದುಬಂದೆ.