ಉದ್ಘಾಟನೆಯಾಗದ ಬಕೆಟ್ಟುಗಳು

ಕೇಳಿ ಸ್ನೇಹಿತರೇ, ಬೆಂಕಿ ಆರಿಸಬೇಕಾದ ನಾವೇ ಇವತ್ತು ಬೆಂಕಿ ಹಚ್ಚಿದೆವು.

ನಮ್ಮ ರಾಜಾಜಿನಗರ ಸ್ವಾತಂತ್ರ್ಯ ಬಂದ ಮೇಲೆ ಎದ್ದ ಹೊಸ ಬಡಾವಣೆ. ಫೈರ್ ಇಂಜಿನ್ ದೂರದ ಪೇಟೆಯಿಂದ ಬರಬೇಕು. ಅದಕ್ಕೇ ನಾವು ಸ್ವಯಂಸೇವಕರ ಅಗ್ನಿದಳ ಕಟ್ಟಿದ್ದು, ಕೌನ್ಸಿಲರ್ ಸಾಹೇಬರು ಕೆಂಪು ಬಕೆಟ್ಟು ಮಂಜೂರು ಮಾಡಿಸಿದ್ದು. ಬೆಳಿಗ್ಗೆ ಉದ್ಘಾಟನೆಗೆಂದು ತೆಂಗಿನ ಗರಿಯ ಚಪ್ಪರ ಹಾಕಿ, ಸಾಹೇಬರನ್ನು ಕರೆಸಿ, ಬಕೆಟ್ಟುಗಳಿಗೆ ಕುಂಕುಮ ಹಚ್ಚಿ, ಮಂಗಳಾರತಿ ಎತ್ತಿದೆವು. ಕರ್ಪೂರದ ಉರಿ ಒಣಗರಿಗೆ ತಗುಲಿ ಚಪ್ಪರ ಹೊತ್ತಿಕೊಂಡಿತು.

ನಾನು ಬಕೆಟ್ಟಿಗೆ ಕೈ ಹಾಕಿದರೆ ನಮ್ಮ ಕ್ಯಾಪ್ಟನ್ ತಡೆದರು. "ಮುಟ್ಬೇಡ ಕಣೋ! ಸಾಹೇಬ್ರು ಇನ್ನೂ ಉದ್ಘಾಟನೆ ಮಾಡಿಲ್ಲ."

ಸಾಹೇಬರು ಆಗಲೇ ರಸ್ತೆಯಾಚೆ ಓಡಿದ್ದರು. "ಆಯ್ತು ಕಣ್ರಯ್ಯಾ, ಉದ್ಘಾಟನೆ ಆಯ್ತು!" ಎಂದು ಅಲ್ಲಿಂದಲೇ ಕೂಗಿದರು.

ಎತ್ತಿ ನೋಡಿದರೆ ಬಕೆಟ್ಟು ಖಾಲಿ. ಹೊಸ ಬಣ್ಣ ಹಾಳಾದೀತೆಂದು ಕ್ಯಾಪ್ಟನ್ ನೀರೇ ತುಂಬಿಸಿರಲಿಲ್ಲ.

ಕೊನೆಗೆ ಬೀದಿ ನಲ್ಲಿಯ ಮುಂದೆ ನಿಂತಿದ್ದ ಹೆಂಗಸರು ತಮ್ಮ ಕೊಡಗಳನ್ನೆಲ್ಲ ಸುರಿದು ಬೆಂಕಿ ಆರಿಸಿದರು. ಸಾಹೇಬರು ವಾಪಸು ಬಂದು ನಮ್ಮ ದಳದ ಶೌರ್ಯವನ್ನು ಹೊಗಳಿದರು.

ಭಾಷಣ ಮುಗಿಯುತ್ತಲೇ ಎದುರುಮನೆಯ ಪುಟ್ಟಮ್ಮನವರು ಖಾಲಿ ಕೊಡವನ್ನು ನನ್ನ ಕೈಗೆ ತುರುಕಿದರು. "ನಮ್ ನೀರು ನಮಗೆ ತುಂಬಿಸ್ಕೊಡಿ. ಇನ್ನೂ ಅಡುಗೆ ಆಗಿಲ್ಲ."

ಖಾಕಿ ಟೋಪಿ ಸಮೇತ ಇಡೀ ಅಗ್ನಿದಳ ನಲ್ಲಿಯ ಮುಂದೆ ಸಾಲು ನಿಂತಿತು. ನಮ್ಮ ಸರದಿ ಬರುವಷ್ಟರಲ್ಲಿ ನೀರು ನಿಂತಿತು.

ಈಗ ಪುಟ್ಟಮ್ಮನವರನ್ನು ತಣ್ಣಗಾಗಿಸಲು ಯಾವ ದಳವನ್ನು ಕರೆಸೋಣ, ನೀವೇ ಹೇಳಿ.