ಪಾರ್ವತವ್ವನ ಎರಡನೆಯ ಪ್ರಶ್ನೆ

ಪಾರ್ವತವ್ವನ ಜಗಲಿ ದಾಟುವವರಿಗೆ ಎರಡು ಪ್ರಶ್ನೆ ತಪ್ಪುತ್ತಿರಲಿಲ್ಲ. ಮೊದಲು, “ಏನ್ ತಿಂದ್ಯಪ್ಪಾ?” ಅದರ ಬೆನ್ನಿಗೇ, “ಯಾರ್ ಮಾಡಿದ್ರು?” ಚಳ್ಳಕೆರೆಯಲ್ಲಿ ನಮ್ಮದು ಅಕ್ಕಪಕ್ಕದ ಮನೆ. ನನಗೆ ಆಕೆ ದೊಡ್ಡವ್ವ.

ನಾನು ಚಡ್ಡಿ ಹಾಕುತ್ತಿದ್ದಾಗ ಮೊದಲ ಪ್ರಶ್ನೆಗೆ ಇಡೀ ಬೀದಿ ಮುದ್ದೆ ಎನ್ನುತ್ತಿತ್ತು. ಬರಬರುತ್ತಾ ಎರಡು ಹೊತ್ತೂ ಅನ್ನವಾಯಿತು. ಈಚೆಗೆ ಮಕ್ಕಳು ನೂಡಲ್ಸ್, ಗೋಬಿ ಎನ್ನತೊಡಗಿದವು. ಊರ ತುಂಬ ಶೇಂಗಾ ಎಣ್ಣೆಯ ಮಿಲ್ಲುಗಳಿದ್ದರೂ ಒಗ್ಗರಣೆಗೆ ಪ್ಯಾಕೆಟ್ಟಿನ ಪಾಮ್ ಎಣ್ಣೆ ಬಂತು. ದೇಶದ ತಟ್ಟೆ ಬದಲಾದದ್ದನ್ನೆಲ್ಲ ಆ ಜಗಲಿಯಲ್ಲೇ ಕೇಳಬಹುದಿತ್ತು. ಎರಡನೆಯ ಪ್ರಶ್ನೆಗೆ ಮಾತ್ರ ಗಂಡಸರ ಉತ್ತರ ಅದೇ: ಅವ್ವ, ಇಲ್ಲವೇ ಹೆಂಡತಿ.

“ಅಕ್ಕಿ ತಿಂದೇ ಕೆಟ್ವಿ ದೊಡ್ಡವ್ವ, ನವಣೆ ಕಾಲನೇ ಚೆನ್ನಾಗಿತ್ತು,” ಎಂದು ಒಮ್ಮೆ ಜಂಬ ಕೊಚ್ಚಿಕೊಂಡೆ.

“ಯಾರಿಗಪ್ಪಾ ಚೆನ್ನಾಗಿತ್ತು? ಮೊಳಕಾಲ್ಮೂರಾಗೆ ನಮ್ಮವ್ವ ಕೋಳಿ ಕೂಗೋಕೆ ಮುಂಚೆ ಒನಕೆ ಹಿಡೀತಿದ್ಲು. ಅಂಗೈ ಎಮ್ಮೆ ಗೊರಸಾಗಿತ್ತು. ಮನೆಗೆ ಅಕ್ಕಿ ಬಂದ್ಮೇಲೇ ಆಕೆ ನೆಮ್ಮದಿಯಾಗಿ ಮಲಗಿದ್ದನ್ನ ನಾನು ನೋಡಿದ್ದು.”



ದೊಡ್ಡವ್ವನ ಮಗ ಮಹೇಶಣ್ಣನಿಗೆ ಸಕ್ಕರೆ ಕಾಯಿಲೆ ಬಂತು. ಡಾಕ್ಟರು ಅನ್ನ ಕಡಿಮೆ ಮಾಡಿ ಎಂದರು. ಅವನು ಗೌರಸಮುದ್ರದ ನೆಂಟರಿಂದ ಸಿಪ್ಪೆ ತೆಗೆಯದ ನವಣೆಯ ಮೂಟೆ ತಂದು, ಮಿಷನ್ನಿಗೆ ಹಾಕಿಸಿದರೆ ಸತ್ವ ಹೋಗುತ್ತದೆ, ಮನೆಯಲ್ಲೇ ಕುಟ್ಟು ಎಂದು ಹೆಂಡತಿಗೆ ಅಪ್ಪಣೆ ಮಾಡಿದ. ಶಾರದತ್ತಿಗೆಗೋ ಭುಜದ ನೋವು. ತಲೆ ಬಾಚಲೂ ಕೈ ಮೇಲೇಳುತ್ತಿರಲಿಲ್ಲ.

ಮರುದಿನ ದೊಡ್ಡವ್ವ ಅಟ್ಟದಿಂದ ಒನಕೆ ಇಳಿಸಿ, ಅಂಗಳದಲ್ಲಿ ಮಗನ ಕೈಗೇ ಕೊಟ್ಟಳು. “ಕಾಯಿಲೆ ನಿಂದು, ನವಣೆ ನಿಂದು, ಒನಕೇನೂ ನಿಂದೇ. ಏಮಿರಾ, ಇನ್ನೂ ನಿಂತೇ ಇದೀಯಲ್ಲ?” ಸಿಟ್ಟು ಬಂದರೆ ಆಕೆಯ ಬಾಯಲ್ಲಿ ತೆಲುಗು ನುಗ್ಗುತ್ತಿತ್ತು.

ನಾಲ್ಕು ಏಟಿಗೇ ಮಹೇಶಣ್ಣನ ಬನಿಯನ್ ತೊಯ್ದಿತು. ನಾನು ಕಿಸಕ್ಕನೆ ನಕ್ಕೆ.

“ನಗ್ತೀಯಾ? ಬಾ, ನವಣೆ ಕಾಲ ಚೆನ್ನಾಗಿತ್ತು ಅಂದೋನು ನೀನೇ ಅಲ್ವಾ?”

ನನ್ನ ಅಂಗೈಯಲ್ಲೂ ಬೊಬ್ಬೆ ಎದ್ದಿತು. ಸಂಜೆ ಮಹೇಶಣ್ಣ ತಾನೇ ಮೂಟೆಯನ್ನು ಬೈಕಿನಲ್ಲಿಟ್ಟು ಮಿಷನ್ನಿಗೆ ಒಯ್ದ. ನಾನು ನಾಚಿಕೆಯಿಂದಲೇ ನಮ್ಮ ಅಡುಗೆಮನೆ ಹೊಕ್ಕು ಅಷ್ಟಿಷ್ಟು ಅಡುಗೆ ಕಲಿತೆ. ಅಂಥ ಹೆಂಗಸನ್ನು ನಾನು ಮತ್ತೆ ಕಂಡಿಲ್ಲ.

ಹೋದ ವರ್ಷ ದೊಡ್ಡವ್ವ ತೀರಿಕೊಂಡಳು. ಸಾವಿನ ಮನೆಯಲ್ಲಿ ಒಲೆ ಹಚ್ಚುವಂತಿಲ್ಲ, ಊಟ ನಮ್ಮ ಮನೆಯಿಂದ ಹೋಯಿತು: ಆಕೆಗೆ ಇಷ್ಟವಾಗಿದ್ದ ಬಿಳಿ ಅನ್ನ, ತಿಳಿಸಾರು. ಶಾರದತ್ತಿಗೆ ಒಂದು ತುತ್ತು ನುಂಗಿ ತಲೆ ಎತ್ತಿದಳು.

“ಯಾರ್ ಮಾಡಿದ್ರು?”

“ನಾನೇ ಅತ್ತಿಗೆ. ಉಪ್ಪು ಜಾಸ್ತಿ ಆಗೈತೆ.”

“ಆಗ್ಲಿ ಬಿಡ್ರಿ,” ಎಂದು ಕಣ್ಣೊರೆಸಿಕೊಂಡು ತಟ್ಟೆ ಮುಂದಕ್ಕೆ ಚಾಚಿದಳು. “ಇನ್ನೊಂದ್ ಚೂರು ಹಾಕ್ರಿ.”