ಇಪ್ಪತ್ತನಾಲ್ಕು ಯಜಮಾನರ ಲ್ಯಾಬು

ತುಮಕೂರಿನಲ್ಲಿ ನಾನು ಎಂಸಿಎ ಮಕ್ಕಳಿಗೆ ಪಾಠ ಮಾಡುತ್ತೇನೆ, ಲ್ಯಾಬಿನ ಉಸ್ತುವಾರಿಯೂ ನನ್ನದೇ. ಹಿಂದೆ ಅಲ್ಲಿ ಏನು ಕೆಟ್ಟರೂ ವಿದ್ಯಾರ್ಥಿ ಕೈಕಟ್ಟಿ ನಿಲ್ಲಬೇಕು, ನಾನು ಹೋಗಿ ಪಾಸ್‌ವರ್ಡ್ ಒತ್ತಬೇಕು. ನಾಳೆ ದೊಡ್ಡ ಇಂಜಿನಿಯರ್‌ಗಳಾಗುವ ಮಹಾನುಭಾವರು ಕಂಪ್ಯೂಟರಿನ ಗಡಿಯಾರ ಸರಿಮಾಡುವುದಕ್ಕೂ ನನ್ನ ಅಪ್ಪಣೆ ಕೇಳುತ್ತಿದ್ದರು. ನನಗೆ ಸಿಟ್ಟು ಬೇಗ. ಒಂದು ಮಧ್ಯಾಹ್ನ ಎದ್ದೂ ಕೂತೂ ತಲೆಕೆಟ್ಟು, ಈ ಸೆಮಿಸ್ಟರಿನಿಂದ ನಿಮ್ಮ ನಿಮ್ಮ ಮಷೀನಿಗೆ ನೀವೇ ಯಜಮಾನರು ಎಂದುಬಿಟ್ಟೆ. ಒಬ್ಬರಿಗೆ ಒಂದು ಮಷೀನು. ಬೇಕಾದ್ದು ಹಾಕಿಕೊಳ್ಳುವುದು, ಕೆಡಿಸುವುದು, ಕೆಡಿಸಿದ್ದನ್ನು ರಿಪೇರಿ ಮಾಡುವುದು ಎಲ್ಲ ಅವರದೇ. ಪಾಸ್‌ವರ್ಡನ್ನು ಯಾರಿಗೂ ಹೇಳಬಾರದು, ನನಗೂ ಹೇಳಬಾರದು. ಒತ್ತುವಾಗ ಪಕ್ಕದವರು ನೋಡಲೂ ಬಾರದು.

ವಿಭಾಗದ ಮುಖ್ಯಸ್ಥರು ನನ್ನನ್ನು ಕರೆಸಿದರು. ಪ್ರಾಕ್ಟಿಕಲ್ ಪರೀಕ್ಷೆಯ ದಿನ ಒಂದೇ ಒಂದು ಮಷೀನು ಕೈಕೊಟ್ಟರೂ ಮತ್ತೆ ಹಳೆಯ ಪದ್ಧತಿ ಎಂದರು. ಧೈರ್ಯವಾಗಿ ಒಪ್ಪಿಕೊಂಡು ಬಂದೆ.

ಯಜಮಾನಿಕೆಯ ಮೊದಲ ವಾರ ಮಷೀನುಗಳ ನಾಮಕರಣದಲ್ಲೇ ಕಳೆಯಿತು. ಕುದುರೆ ಫಾರಂಗೆ ಹೆಸರಾದ ಕುಣಿಗಲ್ಲಿನವನು ಊರಿನ ಅಭಿಮಾನಕ್ಕೆ ತನ್ನದನ್ನು ‘ಕುದುರೆ’ ಎಂದು ಕರೆದ. ಅದು ಓಡಿದ್ದಕ್ಕಿಂತ ಮಲಗಿದ್ದೇ ಹೆಚ್ಚು. ಮೂರನೆಯ ಸಲ ಮಲಗಿದಾಗ ಬೈಯಲು ಹೋದರೆ, ತಾನು ಎಲ್ಲಿ ಎಡವಿದೆನೆಂದು ನನಗೇ ಅರ್ಧ ಗಂಟೆ ಪಾಠ ಮಾಡಿ ಅದನ್ನು ಎಬ್ಬಿಸಿ ತೋರಿಸಿದ. ಎಷ್ಟು ಖುಷಿಯಾಯಿತೆಂದರೆ ಬೈಯುವುದೇ ಮರೆತುಹೋಯಿತು. ಗುಬ್ಬಿ ದಾಟಿ ಚೇಳೂರಿನಿಂದ ಬರುವ ಒಬ್ಬ ಹುಡುಗಿ ಮಾತ್ರ ಹೆಸರುಗಿಸರು ಇಡಲಿಲ್ಲ. ಮಾತೂ ಕಡಿಮೆ. ದಿನಾ ಬಂದ ತಕ್ಷಣ, ತನ್ನ ಮಷೀನಿನೊಳಗೆ ಯಾರು ಬಂದರು, ಯಾರು ಹೋದರು ಎಂಬ ದಾಖಲೆಯನ್ನು ಪೇಪರ್ ಓದುವ ಹಾಗೆ ಓದುತ್ತಿದ್ದಳು.

ಇಲ್ಲೊಂದು ವಿಷಯ ಹೇಳಬೇಕು, ಹೇಳಲು ನಾಚಿಕೆ. ಯಜಮಾನಿಕೆ ಹಂಚುವ ಹಿಂದಿನ ದಿನವೇ ಎಲ್ಲ ಮಷೀನುಗಳಲ್ಲೂ ನನಗೊಂದು ಗುಟ್ಟಿನ ಖಾತೆ ಮಾಡಿಟ್ಟಿದ್ದೆ. ಅದರಿಂದ ಯಾರ ಮಷೀನನ್ನಾದರೂ ತೆರೆಯಬಹುದಿತ್ತು. ಅನುಮಾನ ಬರಬಾರದೆಂದು ಅದಕ್ಕೆ ‘ಪ್ರಿಂಟರ್’ ಎಂದು ಹೆಸರು. ಸ್ಟಾಫ್ ರೂಮಿನಲ್ಲಿ ಕೂತು ಆಗಾಗ ಇಣುಕುತ್ತಿದ್ದೆ. ಚೇಳೂರಿನವಳದನ್ನು ಮಾತ್ರ ನೋಡುವ ಗೋಜಿಗೆ ಹೋಗಿರಲಿಲ್ಲ. ಅವಳ ಮೇಲೆ ಅಷ್ಟು ಭರವಸೆ.

ಪರೀಕ್ಷೆಯ ಬೆಳಿಗ್ಗೆ ಶೆಟ್ಟಿಹಳ್ಳಿಯ ಮನೆಯಿಂದ ತಿಂಡಿ ಕೂಡ ತಿನ್ನದೆ ಹೊರಟು, ಎಂಟಕ್ಕೆಲ್ಲ ಲ್ಯಾಬಿನಲ್ಲಿ ಕೂತು ನನ್ನ ಗುಟ್ಟಿನ ಖಾತೆಯಿಂದ ಒಂದೊಂದೇ ಮಷೀನು ಪರೀಕ್ಷಿಸಿದೆ. ಇಪ್ಪತ್ತಮೂರು ತೆರೆದವು. ಅವಳದು ತೆರೆಯಲಿಲ್ಲ. ಕೆಟ್ಟೇಹೋಗಿದೆ, ಇನ್ನು ನನ್ನ ಲ್ಯಾಬಿನ ಕಥೆ ಮುಗಿಯಿತು ಎಂದುಕೊಂಡೆ. ಫೋನ್ ಮಾಡಿದರೆ ಬಸ್ಸು ಗುಬ್ಬಿಯಲ್ಲಿ ನಿಂತಿದೆ ಎಂದಳು. ಮೊದಲು ಪಾಸ್‌ವರ್ಡ್ ಹೇಳು ಎಂದು ರೇಗಿದೆ.

“ನಿಮಗೂ ಹೇಳ್ಬಾರ್ದು ಅಂತ ನೀವೇ ಅಂದಿದ್ದು ಮೇಡಂ. ಬರ್ತಾ ಇದೀನಿ,” ಎಂದು ಫೋನ್ ಇಟ್ಟಳು.

ಹತ್ತಕ್ಕೆ ಐದು ನಿಮಿಷವಿದ್ದಾಗ ಮುಖ್ಯಸ್ಥರು ಹೊರಗಿನ ಪರೀಕ್ಷಕರನ್ನು ಕರೆದುಕೊಂಡು ಬಂದರು. ಅವರ ಹಿಂದೆಯೇ ಅವಳೂ ಬಂದಳು. ಬೆವರೊರೆಸಿಕೊಂಡು ಕೂತು ಪಾಸ್‌ವರ್ಡ್ ಒತ್ತಿದಳು. ಮಷೀನು ತಣ್ಣಗೆ ತೆರೆದುಕೊಂಡಿತು. ಸಂಜೆಯವರೆಗೂ ಇಪ್ಪತ್ತನಾಲ್ಕರಲ್ಲಿ ಒಂದೂ ನಿಲ್ಲಲಿಲ್ಲ. ಕುದುರೆ ಕೂಡ ಓಡಿತು. ಮುಖ್ಯಸ್ಥರು ಹೋಗುವಾಗ, ಹೂಂ, ಹೀಗೇ ನಡೆಸಿ ಎಂದರು.

ಎಲ್ಲರೂ ಹೋದ ಮೇಲೆ ಅವಳನ್ನು ನಿಲ್ಲಿಸಿ, ನಿನ್ನ ಮಷೀನಿನಲ್ಲಿ ‘ಪ್ರಿಂಟರ್’ ಅಂತ ಒಂದು ಖಾತೆ ಇತ್ತಾ ಎಂದು ಮೆಲ್ಲಗೆ ಕೇಳಿದೆ.

“ಇತ್ತು ಮೇಡಂ. ನಮ್ ಲ್ಯಾಬಲ್ಲಿ ಪ್ರಿಂಟರೇ ಇಲ್ವಲ್ಲ. ಖಾತೆ ಮಾಡಿದ ತಾರೀಕು ನಮಗೆ ಮಷೀನು ಕೊಡೋ ಹಿಂದಿನ ದಿನದ್ದು, ನಿಮ್ದೇ ಅಂತ ಗೊತ್ತಾಯ್ತು. ಮಷೀನು ನಂದು ಅಂದಿದ್ರಲ್ಲ, ಅದಕ್ಕೇ ತೆಗ್ದೆ.”

ಸಿಕ್ಕಿಬಿದ್ದರೂ ಮೇಡಂಗಿರಿ ಬಿಡಬೇಕಲ್ಲ. ನೀನೊಬ್ಬಳೇ ಸರಿಯಾಗಿ ಕಲಿತದ್ದು, ಉಳಿದವರು ಒಳಗೆ ಕಳ್ಳ ಕೂತಿದ್ದರೂ ಗಮನಿಸಿಲ್ಲ ನೋಡು ಎಂದೆ.

“ಎಲ್ರೂ ನೋಡವ್ರೆ ಮೇಡಂ. ತೆಗುದ್ರೆ ಪಾಪ ನಿಮಗೆ ಬೇಜಾರಾಗುತ್ತೆ ಅಂತ ಬುಟ್ಟವ್ರೆ.”

ಇಡೀ ಸೆಮಿಸ್ಟರು ಅವರ ಮನೆಗಳಿಗೆ ಹಿತ್ತಿಲ ಬಾಗಿಲಿಂದ ನುಗ್ಗುತ್ತಿದ್ದವಳು ನಾನು. ನೋಡಿಯೂ ದಾಕ್ಷಿಣ್ಯಕ್ಕೆ ಸುಮ್ಮನಿದ್ದವರು ಅವರು. ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯಲಿಲ್ಲ.

ಮರುದಿನ ಎಲ್ಲರನ್ನೂ ಕೂರಿಸಿ ಆ ಖಾತೆ ನನ್ನದೆಂದು ಒಪ್ಪಿಕೊಂಡೆ. ಈಗಲೇ ನಿಮ್ಮ ಕೈಯಾರೆ ಅಳಿಸಿಹಾಕಿ ಎಂದೆ. ಒಬ್ಬರೂ ಕೀಬೋರ್ಡ್ ಮುಟ್ಟಲಿಲ್ಲ. ಕೊನೆಗೆ ಕುಣಿಗಲ್ಲಿನವನು ಎದ್ದುನಿಂತ.

“ನೀವೇ ತೆಗೀರಿ ಮೇಡಂ. ನಮಗೆ ಕೈ ಬರಲ್ಲ.”

ಇಪ್ಪತ್ತಮೂರು ಮಷೀನುಗಳ ಮುಂದೆ ಒಂದೊಂದಾಗಿ ಕೂತು ನಾನೇ ತೆಗೆದೆ. ಪ್ರತಿ ಸಲ ನಾನು ನನ್ನ ಪಾಸ್‌ವರ್ಡ್ ಒತ್ತುವಾಗ, ಆ ಮಷೀನಿನ ಯಜಮಾನರು ಮರ್ಯಾದೆಯಿಂದ ಮುಖ ಆಚೆ ತಿರುಗಿಸಿಕೊಂಡರು.